ಅಕ್ಷರ ತಿರುಗಿಸಿ ತೆರೆಯುವ ಪೆಟ್ಟಿಗೆ: ಅಲ್-ಜಝರಿಯ ಬದುಕು

ಗಲ್ಫ್‌ನಿಂದ ರಜೆಗೆ ಬಂದವರ ಸೂಟ್‌ಕೇಸ್ ಮನೆಯ ಚಾವಡಿಯಲ್ಲಿ ಇಳಿಯುವುದೇ ತಡ, ಮಕ್ಕಳೆಲ್ಲ ಅದರ ಸುತ್ತ ಕೂತುಬಿಡುತ್ತಾರೆ. ಒಳಗಿನ ಮಿಠಾಯಿಗಿಂತ ಮೊದಲು ಅವರ ಕಣ್ಣು ಹೋಗುವುದು ಹಿಡಿಯ ಪಕ್ಕದ ಆ ಮೂರು ಸಣ್ಣ ಚಕ್ರಗಳ ಮೇಲೆ. ಒಂದೊಂದರಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕೆ. ಸರಿಯಾದ ಮೂರು ಅಂಕೆ ಒಂದೇ ಸಾಲಿಗೆ ಬಂದರೆ ಟಕ್ ಅಂತ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇಟ್ಟ ನಂಬರ್ ಮರೆತುಹೋದರೆ 000 ದಿಂದ 999 ರವರೆಗೆ ಸಾವಿರ ಸಲ ತಿರುಗಿಸಿ ನೋಡಬೇಕು. ಚಾವಿ ಇಲ್ಲದ ಬೀಗ ಅದು, ಚಾವಿ ಇರುವುದು ತಲೆಯೊಳಗೆ.

ಇದು ವಿಮಾನ ಬಂದ ಮೇಲಿನ ಕಾಲದ ಉಪಾಯ ಅಂತ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಎಂಟುನೂರು ವರ್ಷಕ್ಕೂ ಹಿಂದೆ, ಟೈಗ್ರಿಸ್ ನದಿಯ ದಡದ ಒಂದು ಊರಿನಲ್ಲಿ ಕೂತು, ಇಂಥದೇ ಒಂದು ಪೆಟ್ಟಿಗೆಯನ್ನು ಮಾಡುವುದು ಹೇಗೆ ಅಂತ ಚಿತ್ರ ಸಮೇತ ಅರಬಿಯಲ್ಲಿ ಬರೆದಿಟ್ಟವರೊಬ್ಬರು ಇದ್ದರು. ಅವರ ಹೆಸರು ಅಲ್-ಜಝರಿ.

ಜಝರಿ ಎಂದಾಕ್ಷಣ ಮದ್ರಸ, ದರ್ಸ್‌ಗಳಲ್ಲಿ ಓದಿದವರಿಗೆ ನೆನಪಾಗುವುದು ಬೇರೆಯೇ ಒಬ್ಬರು. ತಜ್‌ವೀದಿನ ಮುಖದ್ದಿಮ ಬರೆದ ಇಮಾಂ ಇಬ್ನುಲ್ ಜಝರಿ. ಅವರು ದಮಾಸ್ಕಸ್‌ನಲ್ಲಿ ಹುಟ್ಟಿ 1429ರಲ್ಲಿ ಶೀರಾಝಿನಲ್ಲಿ ತೀರಿಕೊಂಡವರು. ನಾನು ಇಲ್ಲಿ ಹೇಳುತ್ತಿರುವುದು ಅವರಿಗಿಂತ ಇನ್ನೂರು ವರ್ಷ ಮೊದಲಿನ, ಕೈಯಲ್ಲಿ ಅರ, ಸುತ್ತಿಗೆ, ಅಳತೆಗೋಲು ಹಿಡಿದ ಜಝರಿಯ ಕಥೆ. ಇಬ್ಬರನ್ನೂ ಕಲಸಿಕೊಳ್ಳುವುದು ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೇಟೆಯಲ್ಲಿ ಸಿಗುವ ಕೆಲವು ಸಣ್ಣ ಪುಸ್ತಕಗಳಲ್ಲೂ ಈ ಗೊಂದಲ ಉಂಟು.

ಇವರ ಪೂರ್ತಿ ಹೆಸರು ಉದ್ದ: ಬದೀಉಝ್ಝಮಾನ್ ಅಬುಲ್ ಇಝ್ಝ್ ಇಸ್ಮಾಈಲ್ ಇಬ್ನುರ್ರಝ್ಝಾಝ್ ಅಲ್-ಜಝರಿ. ಬದೀಉಝ್ಝಮಾನ್ ಅಂದರೆ ಕಾಲದ ಅಚ್ಚರಿ, ಅದು ಬಿರುದು. ಇಟ್ಟ ಹೆಸರು ಇಸ್ಮಾಈಲ್. ರಝ್ಝಾಝ್ ಅಂದರೆ ಅಕ್ಕಿ ವ್ಯಾಪಾರಿ. ಅಕ್ಕಿ ಮಾರುವವರ ಮನೆತನದ ಹೆಸರು ಹೊತ್ತವರು ಎಂದರೆ ಕರಾವಳಿಯ ನಮಗೆ ಅವರು ಅಷ್ಟೊಂದು ದೂರದವರು ಅಂತ ಅನ್ನಿಸುವುದಿಲ್ಲ. ಅಲ್-ಜಝೀರಾ ಎಂಬುದು ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಮೇಲಿನ ಸೀಮೆಯ ಹೆಸರು. ಎರಡು ನದಿಗಳ ನಡುವೆ ಇರುವುದರಿಂದ ಅದಕ್ಕೆ ದ್ವೀಪ ಎಂಬ ಹೆಸರು. ಇವತ್ತಿನ ನಕ್ಷೆಯಲ್ಲಿ ನೋಡಿದರೆ ಟರ್ಕಿಯ ಆಗ್ನೇಯ ಮೂಲೆ, ಸಿರಿಯ, ಇರಾಕ್ ಸೇರುವ ಜಾಗ.

ಆ ಸೀಮೆಯ ದಿಯಾರ್ ಬಕ್ರ್ ಎಂಬ ಭಾಗವನ್ನು ಆಗ ಆಳುತ್ತಿದ್ದವರು ಅರ್ತುಖಿಗಳು ಎಂಬ ತುರ್ಕಿ ಮನೆತನದವರು. ದೊಡ್ಡ ಸಾಮ್ರಾಜ್ಯವೇನಲ್ಲ. ಸುತ್ತಲಿನ ದೊಡ್ಡವರ ನಡುವೆ ತಲೆ ಉಳಿಸಿಕೊಂಡು ಬದುಕಿದ ಸಣ್ಣ ರಾಜ್ಯ. ಮೊದಲು ಅವರ ಕೋಟೆ ಇದ್ದದ್ದು ಟೈಗ್ರಿಸ್ ದಡದ ಹಿಸ್ನ್ ಕೈಫಾದಲ್ಲಿ. 1183ರಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಆಮಿದ್ ನಗರವನ್ನು ಗೆದ್ದು, ತನ್ನ ಜೊತೆ ನಿಂತ ಅರ್ತುಖಿ ದೊರೆ ನೂರುದ್ದೀನ್ ಮುಹಮ್ಮದ್‌ಗೆ ಕೊಟ್ಟ ಮೇಲೆ ಆಮಿದ್ ಅವರ ರಾಜಧಾನಿಯಾಯಿತು. ಕಪ್ಪು ಕಲ್ಲಿನ ಕೋಟೆಗೋಡೆಯ ಆ ಊರಿಗೆ ಈಗ ದಿಯಾರ್‌ಬಕಿರ್ ಅಂತ ಹೆಸರು. ಹಿಸ್ನ್ ಕೈಫಾದ ಗತಿ ಬೇರೆ. ಹಸನ್‌ಕೈಫ್ ಎಂದು ಕರೆಯುತ್ತಿದ್ದ ಆ ಹಳೇ ಊರು ಕೆಲವು ವರ್ಷಗಳ ಹಿಂದೆ ಇಲಿಸು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೀರನ್ನು ಕುಣಿಸಿ, ಎತ್ತಿ, ಅಳೆದು ಹೆಸರು ಮಾಡಿದ ಮನುಷ್ಯನ ದೊರೆಗಳ ಊರೇ ನೀರಿನ ಕೆಳಗೆ ಹೋಯಿತು.

ಹಿಜರಿ 570, ಅಂದರೆ 1174ರ ಸುಮಾರಿಗೆ ಜಝರಿ ಈ ಮನೆತನದ ಸೇವೆಗೆ ಸೇರಿದರು. ಮೊದಲು ನೂರುದ್ದೀನ್ ಮುಹಮ್ಮದ್, ಆಮೇಲೆ ಅವನ ಮಗ ಖುತ್ಬುದ್ದೀನ್ ಸುಕ್‌ಮಾನ್, ಅವನ ನಂತರ ಇನ್ನೊಬ್ಬ ಮಗ ನಾಸಿರುದ್ದೀನ್ ಮಹ್ಮೂದ್. ಹೀಗೆ ತಂದೆ ಮತ್ತು ಇಬ್ಬರು ಮಕ್ಕಳು, ಒಟ್ಟು ಮೂವರು ದೊರೆಗಳನ್ನು ಕಂಡರು. ಇಪ್ಪತ್ತೈದು ವರ್ಷ ಸೇವೆ ಮಾಡಿದೆ ಅಂತ ಅವರೇ ತಮ್ಮ ಕಿತಾಬಿನ ಪೀಠಿಕೆಯಲ್ಲಿ ಬರೆದಿದ್ದಾರೆ. ಅವರ ಬದುಕಿನ ಬಗ್ಗೆ ಲೋಕಕ್ಕೆ ಗೊತ್ತಿರುವುದೆಲ್ಲ ಆ ಒಂದು ಕಿತಾಬಿನಿಂದಲೇ. ಯಾವ ಚರಿತ್ರೆಕಾರನೂ ಅವರ ಬಗ್ಗೆ ಒಂದು ಪುಟ ಬರೆಯಲಿಲ್ಲ. ಕವಿಗಳ ಬಗ್ಗೆ, ಖಾಝಿಗಳ ಬಗ್ಗೆ, ವಝೀರರ ಬಗ್ಗೆ ದಪ್ಪ ದಪ್ಪ ಗ್ರಂಥಗಳು ಬಂದ ಕಾಲ ಅದು. ಕೈ ಕೆಲಸದವನನ್ನು ಬರೆದಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇದು ನಮ್ಮ ಹಳೆಯ ಕೊರತೆ, ಇವತ್ತಿಗೂ ಹೋಗಿಲ್ಲ.

ಆ ಕಿತಾಬು ಹುಟ್ಟಿದ್ದು ಹೀಗೆ. ಒಂದು ದಿನ ಜಝರಿ ತಾವು ಮಾಡಿದ ಒಂದು ಯಂತ್ರವನ್ನು ನಾಸಿರುದ್ದೀನ್ ಮಹ್ಮೂದ್ ಮುಂದೆ ಇಟ್ಟಿದ್ದರು. ದೊರೆ ಅದನ್ನು ನೋಡಿದ, ಜಝರಿಯ ಮುಖ ನೋಡಿದ. ನೀನು ಸಾಟಿಯಿಲ್ಲದ ವಸ್ತುಗಳನ್ನು ಮಾಡಿದ್ದೀ, ಮನಸ್ಸಿನಲ್ಲಿದ್ದದ್ದನ್ನು ಕೈಯಿಂದ ಹೊರಗೆ ತಂದಿದ್ದೀ, ಇಷ್ಟು ದಣಿದು ಮಾಡಿದ್ದು ಹಾಳಾಗಿ ಹೋಗಬಾರದು, ಒಂದು ಕಿತಾಬು ಬರೆ, ಚಿತ್ರಗಳನ್ನೂ ಹಾಕು ಅಂತ ಅಪ್ಪಣೆ ಮಾಡಿದ. ಜಝರಿ ಒಪ್ಪಿಕೊಂಡರು. ದೊರೆಯ ಮಾತಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. 1206ರ ಹೊತ್ತಿಗೆ ಕಿತಾಬು ಸಿದ್ಧವಾಯಿತು. ಒಟ್ಟು 50 ಯಂತ್ರಗಳು, ಆರು ವಿಭಾಗ. ಅದಕ್ಕಿರುವ ಹೆಸರುಗಳಲ್ಲಿ ಒಂದರ ಅರ್ಥ, ಇಲ್ಮ್ ಮತ್ತು ಉಪಯುಕ್ತ ಅಮಲನ್ನು ಒಟ್ಟುಗೂಡಿಸುವ ಗ್ರಂಥ ಎಂದು.

ಇಲ್ಮ್ ಮತ್ತು ಅಮಲ್ ಎಂಬ ಜೋಡಿ ಪದವನ್ನು ನಾವು ಉಸ್ತಾದರ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಜಝರಿ ಅದನ್ನು ಹಿತ್ತಾಳೆ, ತಾಮ್ರ, ಮರದ ಕೆಲಸಕ್ಕೆ ಹಚ್ಚಿದರು. ತನಗಿಂತ ಹಿಂದಿನವರು ಬರೆದದ್ದನ್ನು ಅವರು ಓದಿದ್ದರು. ಆದರೆ ಓದಿದ್ದೆಲ್ಲ ಕೈಯಲ್ಲಿ ಮಾಡಿ ನೋಡಿದಾಗ ಸರಿ ಬರಲಿಲ್ಲ. ಕೆಲವರು ಬರೆದಿದ್ದರು, ಮಾಡಿರಲಿಲ್ಲ. ಮಾಡಿ ನೋಡದ ವಿದ್ಯೆ ಸತ್ಯಕ್ಕೂ ಸುಳ್ಳಿಗೂ ನಡುವೆ ನೇತಾಡುತ್ತಿರುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಆದ್ದರಿಂದ ತಾನು ಕೈಯಾರೆ ಮಾಡಿದ್ದನ್ನು ಮಾತ್ರ ಬರೆಯಲು ಹೊರಟರು.

ಈಗ ಪೆಟ್ಟಿಗೆಗೆ ಬರೋಣ. ಅದು ಇರುವುದು ಕೊನೆಯ, ಆರನೇ ವಿಭಾಗದಲ್ಲಿ. ಹೆಚ್ಚಿನವರು ಗಡಿಯಾರಗಳ ಚಿತ್ರ ನೋಡಿ ಮುಗಿಸುತ್ತಾರೆ, ಅಲ್ಲಿಯತನಕ ಹೋಗುವುದೇ ಇಲ್ಲ. ಹನ್ನೆರಡು ಅಕ್ಷರಗಳಿಂದ ಬೀಗ ಹಾಕುವ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ನಾಲ್ಕು ದುಂಡನೆಯ ತಟ್ಟೆಗಳು. ಅವುಗಳ ಮೇಲೆ ಅರಬಿ ಅಕ್ಷರಗಳು. ತಟ್ಟೆಗಳನ್ನು ಬೇಕಾದ ಹಾಗೆ ತಿರುಗಿಸಬಹುದು. ಇಂಥ ಬೀಗಗಳ ಒಳಗಿನ ತತ್ವ ಸರಳ: ತಿರುಗುವ ಪ್ರತಿಯೊಂದು ಬಿಲ್ಲೆಯ ಕೆಳಗೂ ಒಂದೊಂದು ಕಚ್ಚು ಇರುತ್ತದೆ. ಎಲ್ಲ ಕಚ್ಚುಗಳೂ ಅಗುಳಿಯ ಎದುರಿಗೆ ಒಟ್ಟಿಗೆ ಬಂದು ನಿಂತರೆ ಮಾತ್ರ ಅಗುಳಿ ಸರಿಯಲು ದಾರಿ ಸಿಗುತ್ತದೆ. ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ಆಚೆ ಈಚೆ ಇದ್ದರೂ ಉಳಿದವೆಲ್ಲ ಸರಿಯಾಗಿದ್ದು ಪ್ರಯೋಜನವಿಲ್ಲ. ಮುಚ್ಚಿದ ಮೇಲೆ ತಟ್ಟೆಗಳನ್ನು ಅಡ್ಡಾದಿಡ್ಡಿ ತಿರುಗಿಸಿ ಬಿಟ್ಟರೆ ಆಯಿತು, ಅಕ್ಷರ ಗೊತ್ತಿದ್ದವನಿಗೆ ಮಾತ್ರ ಪೆಟ್ಟಿಗೆ.

ಇದು ಬರೀ ಕಾಗದದ ಮೇಲಿನ ಕಲ್ಪನೆ ಅಂತ ಯಾರಾದರೂ ಹೇಳಬಹುದು. ಹಾಗಲ್ಲ ಎನ್ನುವುದಕ್ಕೆ ಸಾಕ್ಷಿ ಇವತ್ತಿಗೂ ಉಂಟು. ಜಝರಿಯ ಕಾಲದಲ್ಲೇ ಇಸ್ಫಹಾನಿನಲ್ಲಿ ಮುಹಮ್ಮದ್ ಇಬ್ನ್ ಹಾಮಿದ್ ಅಲ್-ಅಸ್ತುರ್ಲಾಬಿ ಎಂಬ ಇನ್ನೊಬ್ಬರಿದ್ದರು. ಹೆಸರೇ ಹೇಳುವಂತೆ ನಕ್ಷತ್ರಗಳ ಎತ್ತರ ಅಳೆಯುವ ಅಸ್ತುರ್ಲಾಬ್ ಮಾಡುವವರು. ಅವರು ಹಿಜರಿ 597ರಲ್ಲಿ, ಅಂದರೆ 1200 ಇಲ್ಲವೇ 1201ರಲ್ಲಿ ಮಾಡಿದ ಅಕ್ಷರ ಬೀಗದ ಪೆಟ್ಟಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಡೇವಿಡ್ ಸಂಗ್ರಹಾಲಯದಲ್ಲಿ ಇದೆ. ಮುಚ್ಚಳದ ಮೇಲೆ ನಾಲ್ಕು ತಟ್ಟೆ, ಮೈತುಂಬ ಕುಸುರಿ ಕೆಲಸ. ಒಂದೊಂದು ತಟ್ಟೆಯಲ್ಲೂ ಎರಡೆರಡು ಕಡೆ ಹೊಂದಿಸಬೇಕು, ಪ್ರತಿಯೊಂದಕ್ಕೂ 16 ಸ್ಥಾನ. ಅಂದರೆ 16 ಅನ್ನು ಎಂಟು ಸಲ ಗುಣಿಸಬೇಕು. ಲೆಕ್ಕ ಮಾಡಿದರೆ 4,294,967,296 ಬರುತ್ತದೆ. ಒಬ್ಬ ಕಳ್ಳ ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಇಲ್ಲದೆ ತಿರುಗಿಸಿ ನೋಡುತ್ತಾ ಕೂತರೂ ಎಲ್ಲವನ್ನೂ ಮುಗಿಸಲು 136 ವರ್ಷ ಬೇಕು. ನಮ್ಮ ಸೂಟ್‌ಕೇಸಿನ ಸಾವಿರವನ್ನು ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ.

ಇವತ್ತು ಲೋಕದ ಬೇರೆ ಬೇರೆ ಕಡೆ ಇಂಥ ಒಗಟಿನ ಪೆಟ್ಟಿಗೆಗಳನ್ನು ಕೂಡಿಡುವವರು, ಹೊಸದಾಗಿ ರೂಪಿಸುವವರು, ಬಿಡಿಸುವುದನ್ನೇ ಹವ್ಯಾಸ ಮಾಡಿಕೊಂಡವರು ಇದ್ದಾರೆ. ಜಪಾನಿನ ಹಕೋನೆ ಎಂಬಲ್ಲಿ ಮರದ ಹಲಗೆಗಳನ್ನು ಒಂದು ಕ್ರಮದಲ್ಲಿ ಜಾರಿಸಿದರೆ ಮಾತ್ರ ತೆರೆಯುವ ಪೆಟ್ಟಿಗೆ ಮಾಡುವ ಮನೆತನಗಳೇ ಉಂಟು. ಅಲ್ಲಿ ಗುಟ್ಟು ಇರುವುದು ಪೆಟ್ಟಿಗೆಯ ರಚನೆಯಲ್ಲಿ. ಎಲ್ಲಿ ಜಾರಿಸಬೇಕು ಅಂತ ಗೊತ್ತಾದರೆ ಒಗಟು ಮುಗಿಯಿತು.

ಜಝರಿಯ ಪೆಟ್ಟಿಗೆ ಆ ಜಾತಿಯದಲ್ಲ. ಅದರ ಒಳಗೆ ಏನಿದೆ, ಯಾವ ಬಿಲ್ಲೆಯ ಮೇಲೆ ಯಾವುದು ಕೂರುತ್ತದೆ, ಎಲ್ಲವನ್ನೂ ಅವರು ಬರೆದು, ಚಿತ್ರ ಬರೆದು, ಒಂದೊಂದು ಭಾಗಕ್ಕೂ ಅಕ್ಷರದ ಗುರುತು ಹಾಕಿ ಇಟ್ಟಿದ್ದಾರೆ. ಓದಿದ ಯಾವ ಕೆಲಸಗಾರನಾದರೂ ಮಾಡಬಹುದು. ಕಳ್ಳನೂ ಓದಬಹುದು. ಓದಿದರೂ ಪೆಟ್ಟಿಗೆ ತೆರೆಯುವುದಿಲ್ಲ, ಯಾಕೆಂದರೆ ಯಜಮಾನ ಯಾವ ಅಕ್ಷರ ಇಟ್ಟಿದ್ದಾನೆ ಎಂಬುದು ಕಿತಾಬಿನಲ್ಲಿ ಇಲ್ಲ. ವಿದ್ಯೆಯನ್ನು ಪೂರ್ತಿ ಬಿಚ್ಚಿಟ್ಟೂ ಅಮಾನತ್ತನ್ನು ಕಾಯುವ ಬೀಗ. ಬ್ಯಾಂಕಿನ ಪಾಸ್‌ವರ್ಡು, ಮೊಬೈಲಿನ ಬೀಗ, ಇವುಗಳ ಹಿಂದೆ ಇರುವುದೂ ಇದೇ ಲೆಕ್ಕಾಚಾರ: ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತಿದ್ದರೂ ತೊಂದರೆ ಇರಬಾರದು.

ನನಗೆ ಜಝರಿಯ ದೊಡ್ಡತನ ಕಾಣುವುದು ಇಲ್ಲಿಯೇ. ಕಸುಬಿನ ಗುಟ್ಟನ್ನು ಮಗನಿಗೂ ಪೂರ್ತಿ ಹೇಳದೆ ಹೋಗುವವರು ನಮ್ಮೂರಲ್ಲಿ ಎಷ್ಟು ಜನ ಇಲ್ಲ? ಮುರಿದ ಮೂಳೆ ಕೂರಿಸುವವರು, ನಾಟಿ ಮದ್ದು ಅರೆಯುವವರು, ದೋಣಿ ಕಟ್ಟುವವರು. ಹೇಳಿದರೆ ಬೆಲೆ ಹೋಗುತ್ತದೆ ಎಂಬ ಭಯ. ಅವರು ತೀರಿದ ದಿನ ಆ ವಿದ್ಯೆಯೂ ಖಬರಿಗೆ ಇಳಿಯುತ್ತದೆ. ಜಝರಿಗೂ ಆ ಭಯ ಇರಬಹುದಿತ್ತು, ಅರಮನೆಯಲ್ಲಿ ಅವರ ಅನ್ನ ನಡೆಯುತ್ತಿದ್ದದ್ದೇ ಬೇರೆಯವರಿಗೆ ಬಾರದ ಕೆಲಸದಿಂದ. ಆದರೂ ಅಳತೆ ಬಿಡಲಿಲ್ಲ, ತಗಡಿನ ದಪ್ಪ ಬಿಡಲಿಲ್ಲ. ಬೆಸುಗೆ ಎಲ್ಲಿ, ಅರ ಎಲ್ಲಿ ಹಾಕಬೇಕು ಎಂಬುದನ್ನೂ ಬಿಡದೆ ಬರೆದರು.

ಅದೇ ವಿಭಾಗದಲ್ಲಿ ಇನ್ನೊಂದು ಬೀಗ ಇದೆ, ಒಂದೇ ಬಾಗಿಲಿನ ಹಿಂದೆ ನಾಲ್ಕು ಅಗುಳಿ. ನಮ್ಮ ಮನೆಗಳ ಕಬ್ಬಿಣದ ಕಪಾಟಿನ ಹಿಡಿ ತಿರುಗಿಸಿದರೆ ಮೇಲಕ್ಕೂ ಕೆಳಕ್ಕೂ ಸರಳು ಹೋಗುತ್ತದಲ್ಲ, ಅದರ ಹಿರಿಯಣ್ಣ ಅಂತ ಇಟ್ಟುಕೊಳ್ಳಿ.

ಗುಟ್ಟು ಹೊತ್ತ ವಸ್ತುಗಳ ಹುಚ್ಚು ಜಝರಿಗೆ ಪೆಟ್ಟಿಗೆಯಲ್ಲೇ ಮುಗಿಯಲಿಲ್ಲ. ಅವರಿಗಿಂತ ಮುನ್ನೂರೈವತ್ತು ವರ್ಷ ಮೊದಲು ಬಗ್ದಾದಿನಲ್ಲಿ ಮುಹಮ್ಮದ್, ಅಹ್ಮದ್, ಹಸನ್ ಎಂಬ ಮೂವರು ಅಣ್ಣತಮ್ಮಂದಿರು, ಬನೂ ಮೂಸಾ ಅಂತ ಹೆಸರಾದವರು, ಕಿತಾಬುಲ್ ಹಿಯಲ್ ಎಂಬ ಗ್ರಂಥದಲ್ಲಿ ಸುಮಾರು ನೂರು ಉಪಾಯದ ಪಾತ್ರೆಗಳನ್ನು ವಿವರಿಸಿದ್ದರು. ಜಝರಿ ಅವರನ್ನು ಓದಿದ್ದರು, ಗೌರವವೂ ಇತ್ತು, ಆದರೆ ಅವರ ಕಾರಂಜಿಗಳು ಸರಿಯಿಲ್ಲ, ನೀರಿನ ಆಕಾರ ಬದಲಾಗುವುದು ನೋಡುವಷ್ಟು ಹೊತ್ತೂ ನಿಲ್ಲುವುದಿಲ್ಲ ಎಂದು ತಪ್ಪು ಹಿಡಿದರು. ಹಿಡಿದು ಬಿಟ್ಟುಬಿಡಲಿಲ್ಲ, ತಾವೇ ಬೇರೆ ರೀತಿಯಲ್ಲಿ ಮಾಡಿ ತೋರಿಸಿದರು.

ಅವರ ಒಂದು ಹೂಜಿಯಿಂದ ಬಿಸಿನೀರೂ ಬರುತ್ತದೆ, ತಣ್ಣೀರೂ ಬರುತ್ತದೆ, ಎರಡೂ ಬೆರೆತ ಉಗುರುಬೆಚ್ಚನೆ ನೀರೂ ಬರುತ್ತದೆ, ಒಂದೇ ಕೊಳವೆಯಿಂದ! ಕೂತವರಿಗೆ ಇದು ಹೇಗೆ ಅಂತ ಗೊತ್ತಾಗುವುದಿಲ್ಲ. ಗುಟ್ಟು ಗಾಳಿಯಲ್ಲಿ. ಜ್ಯೂಸ್ ಕುಡಿಯುವ ನಳಿಗೆಯನ್ನು ಮುಳುಗಿಸಿ ಮೇಲಿನ ತುದಿಗೆ ಬೆರಳು ಒತ್ತಿ ಎತ್ತಿ ನೋಡಿ, ಒಳಗಿನ ನೀರು ಬೀಳುವುದಿಲ್ಲ. ಬೆರಳು ತೆಗೆದರೆ ಬೀಳುತ್ತದೆ. ಹೂಜಿಯ ಒಳಗೆ ಎರಡು ಕೋಣೆ, ಒಂದೊಂದಕ್ಕೂ ಗಾಳಿಯ ತೂತು. ಸುರಿಯುವವನು ಯಾವ ತೂತನ್ನು ಬೆರಳಿನಿಂದ ಮುಚ್ಚುತ್ತಾನೋ ಆ ಕೋಣೆಯ ನೀರು ಅಲ್ಲೇ ನಿಲ್ಲುತ್ತದೆ.

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಅವರ ಕಿತಾಬಿನ ಎರಡನೇ ವಿಭಾಗ ಪೂರ್ತಿ ಅರಮನೆಯ ಪಾನಗೋಷ್ಠಿಯ ಪಾತ್ರೆಗಳದ್ದು, ಬೊಂಬೆಗಳದ್ದು. ಮುಸ್ಲಿಂ ವಿಜ್ಞಾನಿಗಳ ಬಗ್ಗೆ ಬರುವ ನಮ್ಮ ಲೇಖನಗಳಲ್ಲಿ ಈ ಭಾಗವನ್ನು ಹಾರಿಸಿಬಿಡುವ ರೂಢಿ ಇದೆ. ಇದ್ದದ್ದು ಇತ್ತು. ದೊರೆಗಳ ಮಜ್ಲಿಸ್‌ಗಳು ಹಾಗಿದ್ದವು, ಕೆಲಸಗಾರ ಆ ಮಜ್ಲಿಸ್‌ನ ಸಂಬಳಗಾರನಾಗಿದ್ದ. ಹರಾಮನ್ನು ಹಲಾಲ್ ಅಂತ ತೋರಿಸುವ ಅಗತ್ಯವೂ ಇಲ್ಲ, ಚರಿತ್ರೆಯನ್ನು ತೊಳೆದು ಇಸ್ತ್ರಿ ಹಾಕುವ ಅಗತ್ಯವೂ ಇಲ್ಲ.

ಅದೇ ಕೈಗಳು ವುಳೂ ಮಾಡಲು ನೆರವಾಗುವ ಯಂತ್ರಗಳನ್ನೂ ಮಾಡಿದವು. ದೊರೆ ಮಹ್ಮೂದ್‌ಗೆ ತನ್ನ ಕೈಗೆ ಸೇವಕರು ನೀರು ಹೊಯ್ಯುವುದು ಇಷ್ಟವಿರಲಿಲ್ಲವಂತೆ. ಅದಕ್ಕೆ ಜಝರಿ ಮನುಷ್ಯಾಕಾರದ ಒಂದು ಬೊಂಬೆ ಮಾಡಿಕೊಟ್ಟರು. ಬೊಂಬೆ ಹೂಜಿಯಿಂದ ನೀರು ಹೊಯ್ಯುತ್ತದೆ, ನೀರು ಮುಗಿದ ಮೇಲೆ ಒರೆಸಿಕೊಳ್ಳಲು ಬಟ್ಟೆ ಹಿಡಿದ ಕೈಯನ್ನು ಮುಂದಕ್ಕೆ ಚಾಚುತ್ತದೆ. ಇನ್ನೊಂದು ನವಿಲಿನದು. ನವಿಲಿನ ಕೊಕ್ಕಿನಿಂದ ನೀರು ಬೀಳುತ್ತದೆ. ಕೆಳಗಿನ ಪಾತ್ರೆಯಲ್ಲಿ ಬಳಸಿದ ನೀರು ಏರಿದ ಹಾಗೆ ಅದರೊಳಗೆ ತೇಲುವ ಬೆಂಡು ಏರುತ್ತದೆ, ಅದು ಒಂದು ಸಣ್ಣ ಬಾಗಿಲನ್ನು ತೆರೆಸುತ್ತದೆ, ಕೈ ತೊಳೆಯುವ ಪುಡಿ ಹಿಡಿದ ಒಂದು ಬೊಂಬೆ ಹೊರಗೆ ಬರುತ್ತದೆ. ನೀರು ಇನ್ನೂ ಏರಿದರೆ ಬಟ್ಟೆ ಹಿಡಿದ ಎರಡನೆಯದು. ಬಿದ್ದ ನೀರೇ ಮುಂದಿನ ಕೆಲಸ ಮಾಡಿಸುತ್ತದೆ ನೋಡಿ. ರಕ್ತ ತೆಗೆಸಿಕೊಳ್ಳುವವರಿಗಾಗಿ, ಎಷ್ಟು ರಕ್ತ ಹೋಯಿತು ಅಂತ ಬರಹಗಾರನ ಬೊಂಬೆಯ ಲೇಖನಿಯಿಂದ ತೋರಿಸುವ ಬೋಗುಣಿಯೂ ಅವರ ಕಿತಾಬಿನಲ್ಲಿದೆ.

ಅವರ ಸಹನೆ ಎಂಥದು ಅಂತ ತಿಳಿಯಬೇಕಾದರೆ ಕೋಟೆ ಗಡಿಯಾರದ ಅಧ್ಯಾಯ ನೋಡಬೇಕು. ಕಿತಾಬಿನ ಮೊದಲ ಯಂತ್ರ ಅದು. ಆಗಿನ ಗಂಟೆ ನಮ್ಮ ಗಂಟೆಯಂತಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹನ್ನೆರಡು ಭಾಗ ಮಾಡುತ್ತಿದ್ದರು. ಬೇಸಗೆಯ ಹಗಲು ಉದ್ದ, ಆದ್ದರಿಂದ ಗಂಟೆಯೂ ಉದ್ದ. ಚಳಿಗಾಲದಲ್ಲಿ ಗಿಡ್ಡ. ಹಾಗಾದರೆ ನೀರಿನ ಗಡಿಯಾರದಲ್ಲಿ ನೀರು ಬೀಳುವ ವೇಗ ದಿನದಿನವೂ ಬದಲಾಗಬೇಕು! ಹಿಂದಿನವರು ಇದಕ್ಕೆ ಅರ್ಧ ವೃತ್ತದ ಒಂದು ಪಟ್ಟಿ ಮಾಡಿ, ರಾಶಿಗಳ ಗುರುತು ಹಾಕಿ, ನೀರಿನ ತೂತನ್ನು ಅದರ ಮೇಲೆ ಸರಿಸುತ್ತಿದ್ದರು. ಜಝರಿ ಅದನ್ನು ಪರೀಕ್ಷಿಸಿದರು, ತಪ್ಪು ಬಂತು. ಇನ್ನೊಂದು ರೀತಿ ಮಾಡಿದರು, ಅದೂ ತಪ್ಪು. ಕೊನೆಗೆ ಪೂರ್ತಿ ವೃತ್ತ ಮಾಡಿ, ಒಂದೊಂದು ಗುರುತನ್ನೂ ನೀರು ಬಿಟ್ಟು ಅಳೆದು ಹಾಕಿದರು. ಸೋತದ್ದನ್ನೂ ಬರೆದರು. ಸಾಮಾನ್ಯವಾಗಿ ಜನ ಗೆದ್ದದ್ದನ್ನು ಮಾತ್ರ ಬರೆಯುತ್ತಾರೆ.

ಆ ಗಡಿಯಾರದಲ್ಲಿ ಗಂಟೆಗೊಂದು ಬಾಗಿಲು ತೆರೆಯುತ್ತದೆ, ಗಿಡುಗಗಳು ಕೊಕ್ಕಿನಿಂದ ಗುಂಡು ಬೀಳಿಸಿ ನಾದ ಎಬ್ಬಿಸುತ್ತವೆ, ಮೇಲೆ ರಾಶಿಚಕ್ರ ತಿರುಗುತ್ತದೆ. ಕೆಳಗೆ ನಗಾರಿ, ಕಹಳೆಯವರ ಬೊಂಬೆಗಳು.

ಆನೆ ಗಡಿಯಾರ ಇದಕ್ಕಿಂತ ಸಣ್ಣದು, ಆದರೆ ಹೆಸರು ಮಾಡಿದ್ದು ಅದೇ. ಆನೆಯ ಬೆನ್ನ ಮೇಲೆ ಅಂಬಾರಿ, ಮುಂದೆ ಮಾವುತ, ಹಿಂದೆ ಲೇಖನಿ ಹಿಡಿದ ಬರಹಗಾರ, ಎರಡು ಡ್ರ್ಯಾಗನ್‌ಗಳು, ತುದಿಯಲ್ಲಿ ಹಕ್ಕಿ. ಹೊರಗೆ ಇಷ್ಟೆಲ್ಲ ವೈಭವ. ಆನೆಯ ಹೊಟ್ಟೆಯೊಳಗೆ ಏನಿದೆ? ನೀರಿನ ತೊಟ್ಟಿ, ಅದರ ಮೇಲೆ ತೇಲುವ ತಳದಲ್ಲಿ ತೂತಿರುವ ಒಂದು ಬಟ್ಟಲು. ತೂತಿನಿಂದ ನೀರು ಒಳಗೆ ಬಂದು ಬಟ್ಟಲು ಮೆಲ್ಲಗೆ ತುಂಬಿ ಅರ್ಧ ಗಂಟೆಗೆ ಸರಿಯಾಗಿ ಮುಳುಗುತ್ತದೆ. ಮುಳುಗುವಾಗ ದಾರ ಎಳೆದು ಮೇಲೆ ಒಂದು ಗುಂಡನ್ನು ಬಿಡಿಸುತ್ತದೆ. ಹಕ್ಕಿ ತಿರುಗುತ್ತದೆ, ಗುಂಡು ಗಿಡುಗದ ಕೊಕ್ಕಿನಿಂದ ಡ್ರ್ಯಾಗನ್‌ನ ಬಾಯಿಗೆ ಬೀಳುತ್ತದೆ, ಅದರ ಭಾರಕ್ಕೆ ಡ್ರ್ಯಾಗನ್ ಬಾಗಿ ಗುಂಡನ್ನು ಕೆಳಗಿಳಿಸುತ್ತದೆ, ಮಾವುತ ಹೊಡೆಯುತ್ತಾನೆ. ಡ್ರ್ಯಾಗನ್ ಬಾಗುವಾಗಲೇ ಸರಪಳಿ ಮುಳುಗಿದ ಬಟ್ಟಲನ್ನು ಎತ್ತಿ ಮತ್ತೆ ತೇಲಿಸುತ್ತದೆ. ನಮ್ಮ ನಾಡಿನಲ್ಲಿ ಹಿಂದೆ ಹೊತ್ತು ಅಳೆಯಲು ಇಟ್ಟುಕೊಳ್ಳುತ್ತಿದ್ದ ಗಳಿಗೆ ಬಟ್ಟಲು ಇದೆಯಲ್ಲ, 24 ನಿಮಿಷಕ್ಕೆ ಮುಳುಗುವುದು, ಅದೇ ಉಪಾಯ. ಆದರೆ ಗಳಿಗೆ ಬಟ್ಟಲು ಮುಳುಗಿದಾಗ ಎತ್ತಿಡಲು ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಬೇಕಿತ್ತು. ಜಝರಿ ಆ ಮನುಷ್ಯನಿಗೆ ರಜೆ ಕೊಟ್ಟರು.

ನೀರೆತ್ತುವ ಯಂತ್ರಗಳ ಬಗ್ಗೆ ಎಂಜಿನಿಯರಿಂಗ್ ಓದಿದವರು ಬರೆದರೆ ಚಂದ. ನನಗೆ ತಿಳಿದಷ್ಟು ಹೇಳುವುದಾದರೆ, ಎರಡು ಕೊಳವೆಗಳಲ್ಲಿ ಎರಡು ಪಿಸ್ಟನ್ ಒಂದರ ನಂತರ ಒಂದು ಎಳೆದು ತಳ್ಳುವ ಪಂಪನ್ನು ಅವರು ಚಿತ್ರ ಸಮೇತ ವಿವರಿಸಿದ್ದಾರೆ. ಪಂಪಿನ ಚರಿತ್ರೆ ಬರೆಯುವವರು ಅಲ್ಲಿ ನಿಲ್ಲದೆ ಮುಂದೆ ಹೋಗುವ ಹಾಗಿಲ್ಲ.

ಜಝರಿಗೆ ಸ್ವತಃ ಅತಿ ಹೆಮ್ಮೆ ಇದ್ದದ್ದು ಇವು ಯಾವುದರ ಮೇಲೂ ಅಲ್ಲ, ಆಮಿದ್ ಅರಮನೆಗೆ ಮಾಡಿದ ಹಿತ್ತಾಳೆಯ ಬಾಗಿಲಿನ ಮೇಲೆ. ನಕ್ಷತ್ರದ ಆಕಾರಗಳು ಒಂದರೊಳಗೊಂದು ಹೆಣೆದ ಜಾಲರಿ. ಅದನ್ನು ಒದ್ದೆ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು ಹೇಗೆ ಅಂತ ಹಂತಹಂತವಾಗಿ ಬರೆದಿದ್ದಾರೆ. ಅದನ್ನು ನೋಡಲೆಂದೇ ಜನ ಕುದುರೆಗೆ ಜೀನು ಕಟ್ಟಿ ಹೊರಡಬೇಕು ಎನ್ನುವಷ್ಟು ಹೆಮ್ಮೆ. ಆ ಬಾಗಿಲು ಈಗ ಇಲ್ಲ. ಆದರೆ ಅವರ ಚಿತ್ರದಲ್ಲಿರುವ ಬಡಿಗೊಂಡೆಯನ್ನು ಹೋಲುವ ಜೋಡಿ, ಎರಡು ಡ್ರ್ಯಾಗನ್‌ಗಳು ಬೆನ್ನಿಗೆ ಬೆನ್ನು ಕೊಟ್ಟು ಬಳುಕಿದಂಥದು, ಟೈಗ್ರಿಸ್ ದಡದ ಜಿಝ್ರೆ ಊರಿನ ಜುಮಾ ಮಸೀದಿಯ ಬಾಗಿಲಿನಲ್ಲಿ ಇತ್ತು. 1969ರಲ್ಲಿ ಅದರಲ್ಲಿ ಒಂದು ಕಳವಾಯಿತು. ಉಳಿದದ್ದನ್ನು ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಕಳವಾದದ್ದು ಈಗ ಇರುವುದು ಕೋಪನ್‌ಹೇಗನ್‌ನಲ್ಲಿ, ಅಕ್ಷರ ಬೀಗದ ಪೆಟ್ಟಿಗೆ ಇರುವ ಅದೇ ಡೇವಿಡ್ ಸಂಗ್ರಹಾಲಯದಲ್ಲಿ.

ಕಿತಾಬಿನ ಮೇಲೂ ಕೈಗಳು ಬಿದ್ದವು. 1206ರಲ್ಲಿ ಬರೆದ ಒಂದು ಹಳೆಯ ಪ್ರತಿ ಇಸ್ತಾಂಬುಲ್‌ನ ತೋಪ್‌ಕಪಿ ಅರಮನೆಯಲ್ಲಿ ಜೋಪಾನವಾಗಿದೆ. 1315ರಲ್ಲಿ ಬರೆದ ಇನ್ನೊಂದು ಪ್ರತಿಯ ಭಾಗ್ಯ ಅಷ್ಟು ಒಳ್ಳೆಯದಿರಲಿಲ್ಲ. ಅದರ ಚಿತ್ರದ ಹಾಳೆಗಳನ್ನು ಬಿಡಿಬಿಡಿಯಾಗಿ ಕಿತ್ತು ಮಾರಿದರು. ಒಂದು ಹಾಳೆ ಒಂದು ಮ್ಯೂಸಿಯಂ, ಇನ್ನೊಂದು ಹಾಳೆ ಇನ್ನೊಂದು ಊರು. ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದ ಹಾಳೆಯನ್ನು ನೋಡಿದರೆ ಬಣ್ಣ ಚಂದ ಕಾಣುತ್ತದೆ. ಹಿಂದಿನ ಪುಟ, ಮುಂದಿನ ಪುಟ ಇಲ್ಲದೆ ಯಂತ್ರ ಮಾಡುವುದು ಹೇಗೆ? ಬರೆದವರು ಅದನ್ನು ಗೋಡೆಗೆ ಬರೆದದ್ದಲ್ಲ.

ಅದೃಷ್ಟಕ್ಕೆ ಪೂರ್ತಿ ಪ್ರತಿಗಳೂ ಉಳಿದವು. ಇಂಗ್ಲೆಂಡಿನ ಡೊನಾಲ್ಡ್ ಹಿಲ್ ಎಂಬ ಎಂಜಿನಿಯರ್ ಅರಬಿ ಕಲಿತು ಇಡೀ ಕಿತಾಬನ್ನು ಇಂಗ್ಲಿಷಿಗೆ ತಂದರು, 1974ರಲ್ಲಿ ಅಚ್ಚಾಯಿತು. ಅರಬಿ ಮೂಲವನ್ನು ಪರಿಷ್ಕರಿಸಿ ಅಹ್ಮದ್ ಯೂಸುಫ್ ಅಲ್-ಹಸನ್ 1979ರಲ್ಲಿ ಅಲೆಪ್ಪೊದಿಂದ ಹೊರತಂದರು. ಅದರ ನಡುವೆ, 1976ರಲ್ಲಿ, ಲಂಡನ್ನಿನಲ್ಲಿ ಇಸ್ಲಾಮಿಕ್ ಜಗತ್ತಿನ ಬಗ್ಗೆ ಒಂದು ದೊಡ್ಡ ಉತ್ಸವ ನಡೆಯಿತು. ಅಲ್ಲಿನ ಸೈನ್ಸ್ ಮ್ಯೂಸಿಯಂನವರು ಜಝರಿ ಬರೆದ ಅಳತೆಯ ಪ್ರಕಾರ ಕೋಟೆ ಗಡಿಯಾರವನ್ನು ಅದೇ ಗಾತ್ರದಲ್ಲಿ ಕಟ್ಟಿದರು. ಕಟ್ಟಿ ನೀರು ಬಿಟ್ಟರು. ಏಳುನೂರ ಎಪ್ಪತ್ತು ವರ್ಷಗಳ ನಂತರ ಗಡಿಯಾರ ನಡೆಯಿತು.

ಆನೆ ಗಡಿಯಾರ ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ದುಬೈಯ ಇಬ್ನ್ ಬತೂತ ಮಾಲ್‌ನ ಇಂಡಿಯಾ ವಿಭಾಗದಲ್ಲಿ ಅದರ ದೊಡ್ಡ ಮಾದರಿ ನಿಂತಿದೆ. ನಮ್ಮ ಮಂಗಳೂರು, ಬಂಟ್ವಾಳ, ಪುತ್ತೂರಿನ ಎಷ್ಟೋ ಜನ ಶುಕ್ರವಾರದ ರಜೆಯಲ್ಲಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದ್ದಾರೆ. ನಿಮ್ಮ ಮನೆಯ ಮೊಬೈಲಿನಲ್ಲೂ ಒಂದು ಇರಬಹುದು. ಇದ್ದರೆ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ, ಅಂಬಾರಿಯ ಒಳಗೆ ಲೇಖನಿ ಹಿಡಿದು ಕೂತ ಒಬ್ಬ ಬರಹಗಾರ ಕಾಣುತ್ತಾನೆ.